ಬಲದ ನಳಿಗೆ ಗೌಡರದ್ದು

ನಮ್ಮ ಮನೆಯ ಜಗಲಿಯ ಮೇಜಿನ ಅಂಚಿಗೆ ಒಂದು ಯಂತ್ರ ಕಚ್ಚಿಕೊಂಡಿದೆ. ಹಿತ್ತಾಳೆಯದು, ಎರಡು ಅಂಗೈ ಸೇರಿಸಿದರೆ ಮುಚ್ಚಿಹೋಗುವಷ್ಟು ಚಿಕ್ಕದು, ತಿರುಗಿಸಲು ಒಂದು ಹಿಡಿ. ಬಂದವರೆಲ್ಲ ಅದನ್ನು ಚಕ್ಕುಲಿಯದೋ ಶ್ಯಾವಿಗೆಯದೋ ಎಂದುಕೊಳ್ಳುತ್ತಾರೆ. ಮೊನ್ನೆ ಯಾವುದೋ ಸಮೀಕ್ಷೆಗೆಂದು ಬಂದ ಟೀಚರಮ್ಮ ಅದರ ಬಾಯಿಗೆ ಬೆರಳು ಹಾಕಿ ನೋಡಿ, "ಇದರಲ್ಲಿ ಎಂತ ಬರ್ತದೆ?" ಎಂದರು. ಸದ್ಯಕ್ಕೆ ಏನೂ ಬರುವುದಿಲ್ಲ ಎಂದೆ. "ಮೊದಲು ಎಂತ ಬರ್ತಿತ್ತು?" ಎಂದರು. ಅದನ್ನು ಹೇಳಹೊರಟರೆ ಅವರ ಚಹಾ ಆರಿಹೋಗುತ್ತಿತ್ತು, ಸಮೀಕ್ಷೆ ಮುಂದಿನ ಮನೆಗೆ ಹೋಗುತ್ತಲೇ ಇರಲಿಲ್ಲ. ನಿಮಗೆ ಅಂಥ ಅವಸರವಿಲ್ಲ ಎಂದುಕೊಂಡು ಹೇಳುತ್ತೇನೆ.

ಅದು ತೋಟೆಯ ಬಾಯಿ ಮಡಿಸುವ ಯಂತ್ರ. ತೋಟೆ ಎಂದರೆ ಕೋವಿಯ ತೋಟೆ. ಬುಡಕ್ಕೆ ಹಿತ್ತಾಳೆಯ ಬಟ್ಟಲಿರುವ ರಟ್ಟಿನ ಕೊಳವೆ. ತಳದಲ್ಲಿ ಮದ್ದು, ನಡುವೆ ಬಿರಡೆ, ಮೇಲೆ ಸೀಸದ ಸಣ್ಣ ಗುಂಡುಗಳ ಚರೆ, ಚರೆಯ ಮೇಲೆ ಒಂದು ರಟ್ಟಿನ ಬಿಲ್ಲೆ. ಕೊಳವೆಯ ಅಂಚನ್ನು ಒಳಕ್ಕೆ ಸುತ್ತಿ ಮುಚ್ಚಿದರೆ ತೋಟೆಯಾಯಿತು. ಆ ಸುತ್ತುವ ಕೆಲಸ ಇದರದು.

ಜೈನರ ಮನೆಯಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳುವ ಮೊದಲು ನಾನೇ ಕೇಳಿಬಿಡುತ್ತೇನೆ. ಎದುರಾಳಿಯ ಪ್ರಶ್ನೆಯನ್ನು ನಾವೇ ಎತ್ತಿ ಅದರ ಹಲ್ಲು ಕಿತ್ತುಬಿಡುವುದು ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ವಿದ್ಯೆ. ಆ ವಿದ್ಯೆಯಿಂದ ನನಗೆ ಬಂದ ಕಪ್ಪುಗಳು ಗಾಜಿನ ಬೀರುವಿನಲ್ಲಿವೆ. ಒಂದರಲ್ಲಿ ಗುಂಡಿಗಳು, ಒಂದರಲ್ಲಿ ಹಳೆಯ ಬೀಗದ ಕೈಗಳು, ಇನ್ನೊಂದರಲ್ಲಿ ಏನಿದೆ ಎಂಬುದು ಮುಂದೆ ಬರುತ್ತದೆ.

ದೊಡ್ಡಪ್ಪ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ನೀರು ಸೋಸಿ ಕುಡಿಯುವವರು. ಗೆಡ್ಡೆ ಮುಟ್ಟದವರು. ಅವರ ಹೆಸರಿನಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಅಜ್ಜನ ಕಾಲದಿಂದ ಬಂದದ್ದು, ಬೆಳೆ ಕಾಯುವುದಕ್ಕೆ. ಮಾನಂದವಾಡಿಯ ಸುತ್ತ ಬೇಸಾಯ ಮಾಡಿಕೊಂಡು ಗೌಡರೆಂದೇ ಕರೆಸಿಕೊಳ್ಳುವ ನಮ್ಮ ಜೈನರಲ್ಲಿ ಹೀಗೆ ಕೋವಿಯಿದ್ದ ಮನೆಗಳು ಬೇರೆಯೂ ಉಂಟು. ಹಂದಿ ಜೈನನಲ್ಲವಲ್ಲ, ಗೆಡ್ಡೆಯನ್ನೇ ಹುಡುಕಿಕೊಂಡು ಬರುತ್ತದೆ. ಪಕ್ಕದವರ ಮರಗೆಣಸಿಗೆಂದು ಬಂದದ್ದು ದಾರಿಯಲ್ಲಿ ನಮ್ಮ ಬಾಳೆಯನ್ನೂ ಬುಡಮೇಲು ಮಾಡಿ ಹೋಗುತ್ತದೆ.

ಇದಕ್ಕೆ ದೊಡ್ಡಪ್ಪ ಕಂಡುಕೊಂಡ ದಾರಿ ಅವರಿಗೆ ಮಾತ್ರ ಹೊಳೆಯಬಹುದಾದದ್ದು. ಅಂಗಡಿಯಿಂದ ತೋಟೆ ತರುವುದು. ಜಗಲಿಯಲ್ಲಿ ಕೂತು, ಹೂವಿನ ದಳ ಬಿಡಿಸುವಷ್ಟು ನಾಜೂಕಾಗಿ ಅದರ ಬಾಯಿ ಬಿಡಿಸುವುದು. ಒಳಗಿನ ಸೀಸವನ್ನೆಲ್ಲ ಬಟ್ಟಲಿಗೆ ಸುರಿದು, ಆ ಜಾಗಕ್ಕೆ ಅಕ್ಕಿಯ ತೌಡು ಗಿಡಿದು, ಹಳೆಯ ಮದುವೆ ಕಾಗದದಿಂದ ಕತ್ತರಿಸಿದ ಬಿಲ್ಲೆ ಇಟ್ಟು, ಯಂತ್ರಕ್ಕೆ ಕೊಟ್ಟು ಮತ್ತೆ ಬಾಯಿ ಮಡಿಸುವುದು. ಹಾರಿಸಿದರೆ ಸದ್ದು, ಹೊಗೆ, ಸುಟ್ಟ ತೌಡಿನ ವಾಸನೆ. ಹಂದಿಗೆ ಹೆದರಿಕೆ, ಯಾರಿಗೂ ಗಾಯವಿಲ್ಲ. ಎಷ್ಟೋ ದಂಪತಿಗಳ ಶುಭವಿವಾಹ ಹೀಗೆ ನಮ್ಮ ಗದ್ದೆಯ ಮೇಲೆ ಚೂರುಚೂರಾಗಿ ಉದುರಿದೆ.

"ಹೆದರಿಸುವುದು ಹಿಂಸೆ ಅಲ್ವಾ ದೊಡ್ಡಪ್ಪ?" ಎಂದು ಕೇಳಿದ್ದೆ, ಮೊದಲ ಕಪ್ಪು ಗೆದ್ದ ವರ್ಷದ ಸೊಕ್ಕಿನಲ್ಲಿ.

"ಹಿಂಸೆಯೇ ಕೂಸೇ. ಸಣ್ಣದು."

"ಸಣ್ಣದು ದೊಡ್ಡದು ಅಂತ ತೂಗೂದು ಯಾರು?"

"ಪೆಟ್ಟು ತಿಂದವರು," ಎಂದು ಅವರು ತೌಡಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದ್ದರು.

ಯಂತ್ರ ನಮ್ಮದಾಗಿದ್ದರೂ ಅದನ್ನು ಹೆಚ್ಚು ತಿರುಗಿಸಿದ್ದು ವರ್ಕಿ ಚೇಟ್ಟನ್, ಎಂದರೆ ವರ್ಕಿಯಣ್ಣ. ಗದ್ದೆಯ ಆಚೆ ದಂಡೆಯ ಮನೆ. ಪಂಚಾಯತಿನವರು ಹಂದಿ ಹೊಡೆಯಲೆಂದು ನೇಮಿಸಿಕೊಂಡ ಕೋವಿಗಾರರಲ್ಲಿ ಅವರೂ ಒಬ್ಬರು. ಪ್ರಾಯದಲ್ಲಿ ಗಡಿಯಾಚೆ ಹೆಗ್ಗಡದೇವನಕೋಟೆಯ ಕಡೆ ಜಮೀನು ಹಿಡಿದು ಶುಂಠಿ ಬೆಳೆಸಿದ್ದರು, ಹಾಗಾಗಿ ಕನ್ನಡ ಬರುತ್ತಿತ್ತು. ಕೂಲಿಯವರಿಂದ ಕಲಿತ ಕನ್ನಡವಾದ್ದರಿಂದ ಅದರಲ್ಲಿ ಎಲ್ಲರೂ ಏಕವಚನ. ದೊಡ್ಡಪ್ಪನಿಗೂ "ನೀನು ಸುಮ್ನಿರು ಗೌಡರೇ" ಎನ್ನುತ್ತಿದ್ದರು. ಆ 'ನೀನು' ಮತ್ತು 'ಗೌಡರೇ' ಒಂದೇ ವಾಕ್ಯದಲ್ಲಿ ಹೇಗೆ ಸಂಸಾರ ಮಾಡುತ್ತವೆ ಎಂದು ನಾನು ಕೇಳಿದರೆ, "ನಾನೂ ಮರಿಯಕುಟ್ಟಿಯೂ ಮಾಡೂದಿಲ್ವಾ, ಹಾಗೇ" ಎಂದು ನಗುತ್ತಿದ್ದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ವಕ್ಕೀಲು.

ಮನೆಯಲ್ಲಿ ತೋಟೆ ತುಂಬಲು ಪರವಾನಗಿ ಬೇಕಲ್ಲವೇ ಎಂದು ಅವರನ್ನು ಕೇಳಿದ್ದೂ ಉಂಟು. "ಉಂಟು" ಎಂದರು. "ತೋರ್ಸಿ" ಎಂದೆ. "ವಕ್ಕೀಲೇ, ಚಾಯ ಕುಡಿ" ಎಂದರು.

ವರ್ಕಿ ಚೇಟ್ಟನಿಗೆ ಒಂದೇ ಹುಚ್ಚು, ವೇಗ. ಅಂಗಡಿಯ ತೋಟೆ ಅವರ ಪಾಲಿಗೆ ಹೋಟೆಲಿನ ಸಾರು. "ಎಲ್ಲರ ಬಾಯಿಗೂ ಆಗ್ಬೇಕು ಅಂತ ಮಾಡಿದ್ದು, ಯಾರ ಬಾಯಿಗೂ ರುಚಿ ಇಲ್ಲ." ಹಾಗಾಗಿ ಮದ್ದನ್ನು ಚಿನ್ನದಂತೆ ತೂಗಿ, ಬಿರಡೆ ಬದಲಿಸಿ, ಚರೆ ಕಮ್ಮಿ ಮಾಡಿ ಹೆಚ್ಚು ಮಾಡಿ, ತಾವೇ ತುಂಬುವುದು. ಪರೀಕ್ಷೆಗೆ ಹಳೆಯ ಪತ್ರಿಕೆಗಳ ಕಟ್ಟನ್ನು ನೀರಿನಲ್ಲಿ ನೆನೆಹಾಕಿ, ಹಲಸಿನ ಮರಕ್ಕೆ ಒರಗಿಸಿ ಹೊಡೆಯುವುದು. ಚರೆ ಎಷ್ಟು ಹಾಳೆ ತೂರಿತು ಎಂದು ನೋಡುವುದು. "ಅಂಗಡಿಯದ್ದು ಕ್ರೀಡೆಯ ಪುಟದಲ್ಲೇ ನಿಂತ್ಹೋಯ್ತು. ನಂದು ನೋಡು, ಸಿನಿಮಾ ದಾಟಿ, ಮರಣವಾರ್ತೆಗೆ ಹೋಗಿ ಕೂತಿದೆ!" ಪಕ್ಕದಲ್ಲೇ ದೊಡ್ಡಪ್ಪನದೂ ಪರೀಕ್ಷೆ ನಡೆಯುತ್ತಿತ್ತು. ಅವರ ಅಳತೆ ಬೇರೆ. ತೌಡಿನ ತೋಟೆ ಸಿಡಿದಾಗ ಪಯ್ಯಂಪಳ್ಳಿಯ ಇಗರ್ಜಿಯ ಗೋಪುರದಿಂದ ಪಾರಿವಾಳಗಳು ಎದ್ದರೆ ಒಳ್ಳೆಯ ತೋಟೆ. ಏಳದಿದ್ದರೆ ತೌಡು ಇನ್ನೂ ಗಟ್ಟಿಯಾಗಿ ಗಿಡಿಯಬೇಕು.

ಒಂದೇ ಬೆಂಚು, ಒಂದೇ ಯಂತ್ರ. ಒಬ್ಬರು ತೋಟೆಗೆ ಜೀವ ತೆಗೆಯುವ ಶಕ್ತಿ ತುಂಬುವವರು, ಇನ್ನೊಬ್ಬರು ಅದನ್ನು ಬಿಚ್ಚಿ ಹೊರಗೆ ಹಾಕುವವರು. ಅದಕ್ಕಿಂತ ಚೆಂದದ ಸಂಗತಿ ನನಗೆ ತಡವಾಗಿ ಹೊಳೆಯಿತು. ದೊಡ್ಡಪ್ಪ ತೆಗೆದ ಸೀಸವನ್ನೇ ವರ್ಕಿ ಚೇಟ್ಟನ್ ಕೈಗೆತ್ತಿಕೊಂಡು ತಮ್ಮ ತೋಟೆಗೆ ತುಂಬುತ್ತಿದ್ದರು! ಅಹಿಂಸೆಯ ಕಸವೇ ಹಿಂಸೆಯ ಕಚ್ಚಾಮಾಲು. ನಾನು ಇದನ್ನು ಎತ್ತಿ ಹೇಳಿದ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಕಿ ಚೇಟ್ಟನ್ ಬೆಂಚು ತಟ್ಟಿ ನಕ್ಕರು. ದೊಡ್ಡಪ್ಪ ನಗಲಿಲ್ಲ. ಎದ್ದು ಹೋಗಿ ಬೀರುವಿನಿಂದ ನನ್ನ ಒಂದು ಕಪ್ಪನ್ನು ತಂದು, ಬಟ್ಟಲಿನ ಸೀಸವನ್ನು ಅದಕ್ಕೆ ಸುರಿದರು. ಅಂದಿನಿಂದ ಚರೆ ಆಚೆ ಮನೆಗೆ ಹೋಗಲಿಲ್ಲ. ನನ್ನ ಬಹುಮಾನಗಳಲ್ಲಿ ತೂಕವಿರುವುದು ಅದೊಂದಕ್ಕೇ.

ಆದರೆ ವೇಗದ ವಾದ ಮುಗಿಯಲಿಲ್ಲ.

"ವೇಗ ಇದ್ರೆ ಹಂದಿಗೆ ನೋವಿಲ್ಲ ಗೌಡರೇ. ಗೊತ್ತಾಗೂದರ ಒಳಗೆ ಸತ್ತಿರ್ತದೆ. ನೀನು ಹೇಳೂದೂ ಅದೇ ಅಲ್ವಾ, ನೋಯಿಸ್ಬಾರದು ಅಂತ?"

"ಗೊತ್ತಾಗದೆ ಸಾಯೂದು ಎಂಥ ಸಾವು ವರ್ಕೀ? ಒಂದು ಇರುವೆಗಾದ್ರೂ ನಾವು ಕಾಲಿಡುವ ಮೊದಲು ನೋಡ್ತೇವೆ. ಅದಕ್ಕೆ ಓಡ್ಲಿಕ್ಕೆ ಒಂದು ಅವಕಾಶ ಬೇಡ್ವಾ?"

"ಓಡಿದ್ರೆ ನಾಳೆ ವಾಪಸ್ ಬರ್ತದೆ."

"ಬರ್ಲಿ. ನಾಳೆ ಮತ್ತೆ ಓಡ್ಸು."

ಸರಕಾರದ ನಿಯಮವೂ ದೊಡ್ಡಪ್ಪನಿಗೆ ಒದಗಿತು. ಹೊಡೆದ ಹಂದಿಯನ್ನು ತಿನ್ನುವಂತಿಲ್ಲ, ಸೀಮೆಎಣ್ಣೆ ಸುರಿದು ಹೂಳಬೇಕು. ಅದೊಂದು ಕೆಲಸ ಮಾಡಿ ಬಂದ ದಿನ ವರ್ಕಿ ಚೇಟ್ಟನ್ ನಮ್ಮ ಜಗಲಿಯಲ್ಲಿ ಬಂದು ಕೂರುತ್ತಿದ್ದರು. "ಅಪ್ಪ ಹೊಡೀತಿದ್ರು, ಊರೇ ತಿಂತಿತ್ತು. ನಾನು ಹೊಡೀತೇನೆ, ಮಣ್ಣು ತಿಂತದೆ." ಅಂಥ ಒಂದು ಸಂಜೆಯೇ ಇರಬೇಕು, ಅವರಿಬ್ಬರ ಒಪ್ಪಂದವಾದದ್ದು. ವರ್ಕಿ ಚೇಟ್ಟನದು ಜೋಡು ನಳಿಗೆಯ ಕೋವಿ, ಎರಡು ಟ್ರಿಗರ್. ಮುಂದಿನದನ್ನು ಎಳೆದರೆ ಬಲದ ನಳಿಗೆ, ಹಿಂದಿನದನ್ನು ಎಳೆದರೆ ಎಡದ್ದು. ಇನ್ನು ಮೇಲೆ ಬಲದ ನಳಿಗೆಯಲ್ಲಿ ದೊಡ್ಡಪ್ಪನ ತೌಡಿನ ತೋಟೆ, ಎಡದಲ್ಲಿ ತಮ್ಮ ವೇಗದ ತೋಟೆ. ಮೊದಲು ಸದ್ದು. ಓಡಿದರೆ ಬದುಕಿಕೊಳ್ಳಲಿ. ನಿಂತರೆ ಎರಡನೆಯದು.

"ಬಲದ ನಳಿಗೆ ಗೌಡರದ್ದು, ಎಡದ್ದು ನಂದು," ಎಂದು ವರ್ಕಿ ಚೇಟ್ಟನ್ ಘೋಷಿಸಿದರು.

ನಾನು ಇದರಷ್ಟು ಟೊಳ್ಳಾದ ತರ್ಕವನ್ನು ಕೇಳಿಯೇ ಇರಲಿಲ್ಲ. ಕೊಲ್ಲುವುದು ತಪ್ಪಾದರೆ ಒಂದು ಉಸಿರು ತಡಮಾಡಿ ಕೊಂದರೆ ಸರಿಯಾಗುವುದು ಹೇಗೆ? ಸರಿಯಾದರೆ ತಡ ಯಾಕೆ? ಇಬ್ಬರನ್ನೂ ಕೂರಿಸಿ ವಿವರಿಸಿದೆ. ಇಬ್ಬರೂ ಗಮನವಿಟ್ಟು ಕೇಳಿದರು. ಅಂಥ ಶ್ರೋತೃಗಳು ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. ಕೊನೆಗೆ ದೊಡ್ಡಪ್ಪ, "ನೀನು ಹೇಳಿದ್ದು ಶರಿ" ಎಂದು ಯಂತ್ರಕ್ಕೆ ಇನ್ನೊಂದು ತೋಟೆ ಸಿಕ್ಕಿಸಿದರು.

ವರ್ಕಿ ಚೇಟ್ಟನ ಪರವಾಗಿ ನಾನು ವಾದಿಸಿದ್ದು ಒಮ್ಮೆ ಮಾತ್ರ, ಕಾಟ್ಟಿಕುಳಂನ ಚಹಾದಂಗಡಿಯಲ್ಲಿ. ಬಿಜು ಎಂಬವನು, ಅವನೂ ಪಂಚಾಯತಿನ ಕೋವಿಗಾರನೇ, ಹೊಸದಾಗಿ ಮುನ್ನೂರ ಹದಿನೈದು ಬೋರಿನ ರೈಫಲ್ ತಂದಿದ್ದ. ಮೊಬೈಲಿನಲ್ಲಿ ಯಾವ ಯಾವುದೋ ದೇಶದ ರೈಫಲ್ ತೋಟೆಗಳನ್ನು ಸಾಲಾಗಿ ನಿಲ್ಲಿಸಿದ ಚಿತ್ರ ತೋರಿಸಿ, ಇದರ ವೇಗ ಇಷ್ಟು, ಅದರ ವೇಗ ಇಷ್ಟು, ನಿಮ್ಮ ಚರೆ ತೋಟೆ ಇದರ ಮುಂದೆ ನಡೆದುಕೊಂಡು ಹೋಗುತ್ತದೆ ಎಂದು ಚೇಟ್ಟನನ್ನು ಕೆಣಕುತ್ತಿದ್ದ. ನಾನು ನಡುವೆ ಬಾಯಿ ಹಾಕಿದೆ. ವೇಗ ಎಲ್ಲಿಯ ವೇಗ, ನಳಿಗೆಯ ಬಾಯಲ್ಲೋ, ಹಂದಿಯ ಮೈಯಲ್ಲೋ? ನಮ್ಮ ಕಾಫಿ ಗಿಡಗಳ ನಡುವೆ ಹಂದಿ ಕಾಣುವುದೇ ಕೂಗಳತೆಯ ಒಳಗೆ, ಅಷ್ಟು ದೂರಕ್ಕೆ ಆ ವೇಗ ಯಾರಿಗೆ ಬೇಕು? ಹಂದಿಯನ್ನು ದಾಟಿದ ರೈಫಲಿನ ಗುಂಡು ಆಮೇಲೆ ಯಾರ ಅಡುಗೆಮನೆಗೆ ಹೋಗುತ್ತದೆ? ಅಂಗಡಿಯವನು ದೋಸೆ ಮಗುಚುವುದನ್ನು ಬಿಟ್ಟು ಕೇಳಿದ. ಬಿಜು ಸೋತ. ಆದರೆ ಹೋಗುವಾಗ ಒಂದು ಮಾತು ಬಿಟ್ಟುಹೋದ. "ಮನೆಯಲ್ಲಿ ತುಂಬಿದ ತೋಟೆ ಒಂದಲ್ಲ ಒಂದು ದಿನ ಚತಿಸ್ತದೆ ಚೇಟ್ಟಾ." ಮೋಸ ಮಾಡುತ್ತದೆ ಎಂದು.

"ನನ್ನ ಕೈಯಲ್ಲಿ ತುಂಬಿದ್ದು ಚತಿಸಿದ ದಿನ ವರ್ಕಿಯ ಹೆಸರು ನಾಯಿಗಿಡು," ಎಂದರು ವರ್ಕಿ ಚೇಟ್ಟನ್. ನನಗೆ ಬಾಳೆಹಣ್ಣಿನ ಎರಡು ಪಳಂಪೊರಿ ಕೊಡಿಸಿದರು. ಹೆಸರು ನಾಯಿಗಿಡು ಎಂದದ್ದು ನಿಜವಾದ ಮಾತು. ಅವರ ಹೆಮ್ಮೆಗೆ ಇನ್ನೇನೂ ಇರಲಿಲ್ಲ. ಶುಂಠಿ ಕೊಳೆತಿತ್ತು, ಕಾಳುಮೆಣಸಿನ ಬಳ್ಳಿ ಒಣಗಿತ್ತು. ಅವರ ತೋಟೆ ಮಾತ್ರ ಒಮ್ಮೆಯೂ ಸುಳ್ಳಾಗಿರಲಿಲ್ಲ.

ಹೋದ ಮಳೆಗಾಲ ಬಿಡುತ್ತಿದ್ದಂತೆ ಒಂದು ಬೆಳಿಗ್ಗೆ, ಗದ್ದೆಯ ಮೇಲಿನ ಕಾಫಿ ತೋಟದಲ್ಲಿ ಒಂಟಿ ಹಂದಿಯೊಂದು ಪೊದೆ ಹೊಕ್ಕು ಕೂತಿದೆ, ಕೆಲಸದವರನ್ನು ಅಟ್ಟಿಸಿಕೊಂಡು ಬಂತು ಎಂದು ವಾರ್ಡಿನ ಸದಸ್ಯರು ವರ್ಕಿ ಚೇಟ್ಟನಿಗೆ ಫೋನ್ ಮಾಡಿದರಂತೆ. ಅವರು ಕೋವಿ ಹಿಡಿದು ಗದ್ದೆಯ ಬದುವಿನ ಮೇಲೆ ಹೋಗುವಾಗ ನಮ್ಮ ಕಡೆ ತಿರುಗಿ ಕೈಯೆತ್ತಿದರು. ಹಿಂದಿನಿಂದ ಬಿಜುವೂ ಬೇರೆ ಇಬ್ಬರೂ ಹೋದರು. ನಾವು ಜಗಲಿಯಲ್ಲಿ ಕೂತಿದ್ದೆವು. ದೊಡ್ಡಪ್ಪನ ತಟ್ಟೆಯಲ್ಲಿ ಅಕ್ಕಿರೊಟ್ಟಿ.

ಸದ್ದಾಯಿತು. ದೊಡ್ಡಪ್ಪ ಇಗರ್ಜಿಯ ಕಡೆ ಕತ್ತೆತ್ತಿ ನೋಡಿದರು. ಗೋಪುರದಿಂದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಒಂದು ಸುತ್ತು ಬಂದವು.

"ನಮ್ಮದು," ಎಂದರು.

ಎರಡನೆಯ ಸದ್ದಿಗೆ ಕಾದೆವು. ಬರಲಿಲ್ಲ. ಪಾರಿವಾಳಗಳು ಮತ್ತೆ ಗೋಪುರಕ್ಕೆ ಇಳಿದವು. ದೊಡ್ಡಪ್ಪನ ಮುಖ ಅರಳಿತು. "ಓಡ್ತು ಕೂಸೇ! ಬದುಕ್ತು." ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟು ಸಂತೋಷದಿಂದ ಅವರು ಉಂಡದ್ದನ್ನು ನಾನು ಆಮೇಲೆ ನೋಡಿಲ್ಲ. ಆ ತುತ್ತು ಇಳಿಯುವ ಮೊದಲೇ ತೋಟದ ಕಡೆಯಿಂದ ಕೂಗು ಕೇಳಿಸಿತು.

ಹಂದಿ ಓಡಿರಲಿಲ್ಲ. ಪೊದೆಯಿಂದ ನೇರ ವರ್ಕಿ ಚೇಟ್ಟನ ಮೇಲೆ ನುಗ್ಗಿತ್ತು. ಮೇಲೆ ಬೀಳುವಷ್ಟು ಹತ್ತಿರ ಬಂದ ಹಂದಿಗೂ ಅವರ ಬೆರಳು ರೂಢಿಯಂತೆ ಮುಂದಿನ ಟ್ರಿಗರಿಗೇ ಹೋಗಿತ್ತು. ಹಿಂದಿನದಕ್ಕೆ ಹೋಗಲು ಹೊತ್ತಿರಲಿಲ್ಲ. ಕೋರೆ ತೊಡೆಯನ್ನು ಸೀಳಿತ್ತು. ಜೀಪು ಮಾನಂದವಾಡಿ ಮುಟ್ಟುವಷ್ಟರಲ್ಲಿ ರಕ್ತವೆಲ್ಲ ಹೋಗಿತ್ತು. ಹಂದಿಯನ್ನು ಬಿಜು ಹೊಡೆದನಂತೆ, ಆಮೇಲೆ, ಇಳಿಜಾರಿನ ಕೆಳಗೆ. ಆ ಸದ್ದು ನಮಗೆ ಕೇಳಿಸಲಿಲ್ಲ. ಆಗ ನಾವು ಓಡುತ್ತಿದ್ದೆವು.

ಪಯ್ಯಂಪಳ್ಳಿಯಲ್ಲಿ ಮಣ್ಣಾಯಿತು. ಶವಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದವರ ನಡುವೆಯೇ ಆ ಮಾತು ಶುರುವಾಗಿತ್ತು. ಹಂದಿಯ ಮೈಯಲ್ಲಿ ಬಿಜುವಿನ ಗುಂಡು ಬಿಟ್ಟರೆ ಒಂದು ಚರೆಯೂ ಇರಲಿಲ್ಲ. ಕಾಫಿ ಗಿಡದಲ್ಲೂ ಇಲ್ಲ, ನೆಲದಲ್ಲೂ ಇಲ್ಲ. ಅಷ್ಟು ಹತ್ತಿರದಿಂದ ವರ್ಕಿಗೆ ಗುರಿ ತಪ್ಪುತ್ತದೆಯೇ? ತೋಟೆಯೇ ಕೈಕೊಟ್ಟದ್ದು. ಮನೆಯಲ್ಲಿ ತುಂಬಿದ್ದಲ್ಲವೇ. ಕಾಟ್ಟಿಕುಳಂನಲ್ಲಿ ನಾನು ಬಸ್ಸಿಗೆ ಕಾಯುತ್ತಿದ್ದಾಗ ಬಿಜು ಚಹಾದಂಗಡಿಯಲ್ಲಿ ಅರೆಸುಟ್ಟ ಒಂದು ರಟ್ಟಿನ ಬಿಲ್ಲೆಯನ್ನು ಎಲ್ಲರಿಗೂ ತೋರಿಸುತ್ತಿದ್ದ. "ಕಾಗದ ತುಂಬಿದ್ದಾರೆ ನೋಡಿ, ಪಾವಂ ಮನುಷ್ಯ." ಅವನ ದನಿಯಲ್ಲಿ ಗೆಲುವು ಇರಲಿಲ್ಲ, ನಿಜವಾದ ಮರುಕವೇ ಇತ್ತು, ಅದು ಇನ್ನೂ ಕೆಟ್ಟದ್ದು. ಬಿಲ್ಲೆಯ ಮೇಲೆ ಚಿನ್ನದ ಬಣ್ಣದ ಅಕ್ಷರದ ತುಂಡಿತ್ತು. ಅವನಿಗೆ ಓದಲು ಬರುವುದಿಲ್ಲ, ಕನ್ನಡ. ನನ್ನ ಚಿಕ್ಕಮ್ಮನ ಮಗಳ ಮದುವೆಯ ಕಾಗದ ಅದು.

ಮನೆಗೆ ಬಂದು ಹೇಳಿದೆ. ಹೇಳದೆ ಇರಬಹುದಿತ್ತು. ದೊಡ್ಡಪ್ಪ ಕೇಳಿಸಿಕೊಂಡು, "ಏಳನೇ ದಿನದ ಪ್ರಾರ್ಥನೆಗೆ ಎಲ್ಲ ಬರ್ತಾರಲ್ಲ. ಅಲ್ಲಿ ಹೇಳ್ತೇನೆ" ಎಂದರು.

ನಾನು ಎದ್ದು ನಿಂತೆ. ಕೂತು ವಾದಿಸುವುದು ನನಗೆ ಬರುವುದಿಲ್ಲ. ಹೇಳಿದರೆ ಸತ್ತವರು ಎದ್ದು ಬರುವುದಿಲ್ಲ ಎಂದೆ. ಮರಿಯಕುಟ್ಟಿ ಚೇಚಿಗೆ ಈಗಿರುವುದು ದುಃಖ ಮಾತ್ರ, ನೀವು ಹೇಳಿದರೆ ದುಃಖಕ್ಕೆ ಒಂದು ಮುಖ ಸಿಗುತ್ತದೆ, ಆ ಮುಖ ನಿಮ್ಮದು ಎಂದೆ. ಪೊಲೀಸರು ನಮ್ಮ ಜಗಲಿಗೆ ಬರುತ್ತಾರೆ ಎಂದೆ. ಒಪ್ಪಂದ ಇಬ್ಬರದೂ, ತೋಟೆಯನ್ನು ನಳಿಗೆಗೆ ಹಾಕಿದ್ದು ಅವರ ಕೈ, ನಿಮ್ಮದಲ್ಲ ಎಂದೆ. ಈಗ ನೆನೆಸಿಕೊಂಡರೂ ಆ ವಾದದಲ್ಲಿ ಬಿರುಕು ಕಾಣುವುದಿಲ್ಲ.

"ಅವನ ತೋಟೆ ಕೈಕೊಟ್ಟಿತು ಅಂತ ಹೇಳ್ತಿದ್ದಾರೆ ಕೂಸೇ."

"ಜನ ಏನು ಬೇಕಾದ್ರೂ ಹೇಳ್ತಾರೆ."

"ಅವನದ್ದು ಎಡದ ನಳಿಗೆಯಲ್ಲಿ ಹಾಗೇ ಇತ್ತು. ಅದು ಕೈಕೊಡ್ತಿರ್ಲಿಲ್ಲ."

"ಅದರಿಂದ ಈಗ ಯಾರಿಗೆ ಏನು ಪ್ರಯೋಜನ ದೊಡ್ಡಪ್ಪ?"

ಅವರು ಗಾಜಿನ ಬೀರುವಿನ ಕಡೆ ತಿರುಗಿದರು. "ಆ ಕಪ್ಪುಗಳೆಲ್ಲ ಹೀಗೇ ಬಂದದ್ದಾ?"

ಏಳನೇ ದಿನ ವರ್ಕಿ ಚೇಟ್ಟನ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಪ್ರಾರ್ಥನೆ ಮುಗಿದು ಚಹಾ ಬಂದಿತ್ತು. ದೊಡ್ಡಪ್ಪ ಲೋಟ ಮುಟ್ಟದೆ ಎದ್ದು ನಿಂತರು. ಅವರು ನಾಲ್ಕು ಜನರ ಮುಂದೆ ಎದ್ದು ಮಾತನಾಡಿದ್ದನ್ನು ನಾನು ಕಂಡವಳಲ್ಲ. ಮಲಯಾಳಂನಲ್ಲಿ ಹೇಳಿದರು, ತಡವರಿಸದೆ.

"ಬಲದ ನಳಿಗೆಯ ತೋಟೆ ನನ್ನದು. ಅದರಲ್ಲಿ ನಾನು ತೌಡು ತುಂಬಿದ್ದೆ. ಹಂದಿಗೆ ಓಡಲಿಕ್ಕೆ ಅವಕಾಶ ಇರಲಿ ಅಂತ ನಾನು ಕೇಳಿಕೊಂಡಿದ್ದೆ, ವರ್ಕಿ ನಡೆಸಿಕೊಟ್ಟ. ಅವನ ತೋಟೆ ಎಡದಲ್ಲಿತ್ತು. ವರ್ಕಿಯ ತೋಟೆ ಯಾರಿಗೂ ಮೋಸ ಮಾಡಿಲ್ಲ."

ಬಿಜು ಲೋಟವನ್ನು ನೆಲದ ಮೇಲಿಟ್ಟ. ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದ ಮರಿಯಕುಟ್ಟಿ ಚೇಚಿ ಎದ್ದು ಮೆಟ್ಟಿಲಿನ ತನಕ ಬಂದರು. ಅವರಿಗೆ ಬಲದ ನಳಿಗೆಯ ವಿಷಯ ಗೊತ್ತಿತ್ತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಬೈಯಲಿಲ್ಲ. ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಪನ್ನಿ ಕೇಟ್ಟೋ, ಗೌಡರೇ?"

ಹಂದಿ ಕೇಳಿಸಿಕೊಂಡಿತೇ, ಎಂದು.

ನಾನು ಅಲ್ಲಿಂದ ಇಲ್ಲಿಯವರೆಗೆ ಆ ಪ್ರಶ್ನೆಗೆ ಎಷ್ಟೋ ಉತ್ತರ ಕಟ್ಟಿದ್ದೇನೆ. ಪ್ರಶ್ನೆಯೇ ತಪ್ಪು ಎಂದು ಸಾಧಿಸಿದ್ದೇನೆ. ಕರುಣೆಯನ್ನು ಫಲದಿಂದ ಅಳೆಯಬಾರದು ಎಂದಿದ್ದೇನೆ. ಅಳೆಯಲೇಬೇಕು ಎಂದೂ ಎದುರು ಪಕ್ಷದಲ್ಲಿ ನಿಂತು ಗೆದ್ದಿದ್ದೇನೆ. ದೊಡ್ಡಪ್ಪ ಮಾತ್ರ ತಲೆ ತಗ್ಗಿಸಿ, "ಇಲ್ಲ" ಎಂದರು. ಚೇಚಿ ಒಳಗೆ ಹೋದರು. ನಾವು ಗದ್ದೆಯ ಬದುವಿನ ಮೇಲೆ ಮನೆಗೆ ಬಂದೆವು. ಹಿಂದಿನಿಂದ ಯಾರೂ ಕರೆಯಲಿಲ್ಲ.

ವರ್ಕಿ ಚೇಟ್ಟನ ಹೆಸರು ಉಳಿಯಿತು. ಕಾಟ್ಟಿಕುಳಂನಲ್ಲಿ ಈಗ ಬಿಜುವೇ ಹೇಳುತ್ತಾನೆ, ಚೇಟ್ಟನ್ ತುಂಬಿದ ತೋಟೆಯಂಥದ್ದು ಇನ್ನು ಈ ಕಡೆ ಹುಟ್ಟುವುದಿಲ್ಲ ಎಂದು. ಅದರ ಬೆನ್ನಿಗೇ ತೌಡು ತುಂಬಿ ಗೆಳೆಯನನ್ನು ಕೊಂದ ಗೌಡರ ಕಥೆಯನ್ನೂ ಹೇಳುತ್ತಾನೆ. ನಾನು ಅಂಗಡಿಗೆ ಕಾಲಿಟ್ಟರೆ ನಿಲ್ಲಿಸುತ್ತಾನೆ. ಪೊಲೀಸರು ಬಂದರು, ಕೇಳಿದರು, ಹೋದರು. ದೊಡ್ಡಪ್ಪ ಕೋವಿಯನ್ನು ಠಾಣೆಗೆ ಕೊಟ್ಟು, ಮರಳಿ ಬೇಡ ಎಂದು ಬಂದರು. ಹಂದಿಗಳು ಬರುತ್ತವೆ. ಬಾಳೆ ಉರುಳುತ್ತದೆ. ಆಚೆ ದಂಡೆಯ ಮನೆಯ ಕಿಟಕಿ ನಮ್ಮ ಕಡೆಗೆ ತೆರೆಯುವುದಿಲ್ಲ. ಯಂತ್ರವನ್ನು ಬಿಚ್ಚಿ ಒಳಗಿಡೋಣವೆಂದರೆ ಅದರ ಕಬ್ಬಿಣದ ತಿರುಪು ತುಕ್ಕು ಹಿಡಿದು ಮೇಜಿಗೇ ಕಚ್ಚಿಕೊಂಡಿದೆ. ಟೀಚರಮ್ಮನಿಗೆ ಕೊನೆಗೂ ಶ್ಯಾವಿಗೆ ಎಂದೇ ಹೇಳಿ ಕಳಿಸಿದೆ.

ಮೊನ್ನೆ ಅವರು ಹೋದ ಮೇಲೆ, ಇನ್ನೂ ಹೊತ್ತು ಮುಳುಗಿರಲಿಲ್ಲ, ದೊಡ್ಡಪ್ಪ ಊಟಕ್ಕೆ ಕೂತಿದ್ದರು. ಎಲ್ಲೋ ದೂರದ ಕಲ್ಲುಕೋರೆಯಲ್ಲಿ ಬಂಡೆಗೆ ಇಟ್ಟ ಮದ್ದು ಸಿಡಿಯಿತು. ಇಗರ್ಜಿಯ ಪಾರಿವಾಳಗಳು ಎದ್ದವು. ದೊಡ್ಡಪ್ಪನ ಕೈ ತುತ್ತಿನ ಸಮೇತ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಅದು ಕಲ್ಲುಕೋರೆಯ ಸದ್ದು ದೊಡ್ಡಪ್ಪ, ಎನ್ನಬೇಕೆಂದು ಬಾಯಿ ತೆರೆದೆ. ತೆರೆದವಳು ಸುಮ್ಮನಾದೆ. ಬೆಳಕು ಕಡಿಮೆಯಾಗುತ್ತಾ ಬಂತು. ಅವರ ಊಟದ ಹೊತ್ತು ಮೀರುತ್ತಿತ್ತು. ಪಾರಿವಾಳಗಳು ಒಂದೊಂದಾಗಿ ಗೋಪುರಕ್ಕೆ ಇಳಿದವು. ನಾವಿಬ್ಬರೂ ಎರಡನೆಯ ಸದ್ದಿಗೆ ಕಾಯುತ್ತಾ ಕೂತೆವು.